ಬಾಗಿಲ ತನಕ

ಕೆಲೆಪಿಗೆ ತನ್ನ ಅಕ್ಕನ ಮೇಲಿದ್ದ ಮರ್ಯಾದೆ ನಮ್ಮ ಇಡೀ ವವಾವು ದ್ವೀಪಕ್ಕೇ ಗೊತ್ತಿತ್ತು. ಗೊತ್ತಾಗದೆ ಇರಲು ಅವನೇ ಬಿಟ್ಟಿರಲಿಲ್ಲ ಅನ್ನಿ. ನಮ್ಮಲ್ಲಿ ಹುಡುಗನಿಗೆ ಮೀಸೆ ಚಿಗುರುವ ಹೊತ್ತಿಗೆ ಅವನ ಹಾಸಿಗೆ ಬೇರೆ ಗುಡಿಸಲಿಗೆ ಹೋಗುತ್ತದೆ. ಅಲ್ಲಿಂದ ಮುಂದೆ ಅಕ್ಕತಂಗಿಯರ ಕೋಣೆಗೆ ಅವನು ಕಾಲಿಡಬಾರದು, ಅವರ ಕಿವಿಗೆ ಬೀಳುವಂತೆ ಮೈಯ ಅಂಗಾಂಗಗಳ ಮಾತು ಆಡಬಾರದು. ಇದು ಎಲ್ಲರೂ ಬಲ್ಲ ಕಟ್ಟಳೆ. ಬಲ್ಲರು, ಅನುಕೂಲ ನೋಡಿಕೊಂಡು ಪಾಲಿಸುವರು. ಟೀವಿಯಲ್ಲಿ ರಗ್ಬಿ ಬಂದರೆ ಅಕ್ಕ ಆ ಮೂಲೆ, ತಮ್ಮ ಈ ಮೂಲೆ ಕೂತು ನೋಡುವ ಮನೆಗಳು ಈಗ ಬೇಕಾದಷ್ಟಿವೆ.

ಕೆಲೆಪಿ ಅಂಥವನಲ್ಲ. ದಾರಿಯಲ್ಲಿ ಅಕ್ಕ ಅಕೊಸಿತಾ ಎದುರಾದರೆ ಅವನು ಪಕ್ಕದ ಕೆಸುವಿನ ತೋಟಕ್ಕಿಳಿದು ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಚರ್ಚಿನಲ್ಲಿ ಅವಳು ಕೂರುವ ಸಾಲು ಕಣ್ಣಿಗೆ ಬೀಳಬಾರದೆಂದು ಹಾಡುವವರ ಗುಂಪನ್ನೇ ಓರೆಯಾಗಿ ನಿಲ್ಲಿಸಿದ್ದ. ಹಾಡುವವರ ಯಜಮಾನ ಅವನೇ ಆದ್ದರಿಂದ ಯಾರೂ ಯಾಕೆಂದು ಕೇಳಲಿಲ್ಲ. ವರ್ಷದ ಮೊದಲ ಹೆಗ್ಗೆಣಸು ಅಕ್ಕನ ಜಗಲಿಗೆ. ಹಂದಿ ಸುಟ್ಟರೆ ಬೆನ್ನಿನ ಭಾಗ ಅಕ್ಕನಿಗೆ. ಇಷ್ಟೆಲ್ಲ ಕೊಟ್ಟರೂ ಅವಳೊಡನೆ ನೇರವಾಗಿ ಒಂದು ಮಾತಾಡಿ ಎಷ್ಟು ವರ್ಷವಾಯಿತೆಂದು ಕೇಳಿದರೆ ಅವನಿಗೇ ನೆನಪಿಲ್ಲ. ಹೇಳಬೇಕಾದ್ದನ್ನು ಹೆಂಡತಿ ಸೇಲಾಳ ಬಾಯಲ್ಲಿ ಹೇಳಿಸುವನು, ಉತ್ತರವೂ ಅದೇ ದಾರಿಯಲ್ಲಿ ಬರುವುದು. "ತಮ್ಮ ಅಂದರೆ ಕೆಲೆಪಿಯಂತಿರಬೇಕು" ಎಂದು ಪಾದ್ರಿಗಳು ಒಮ್ಮೆ ಉಪದೇಶದಲ್ಲೇ ಹೇಳಿಬಿಟ್ಟಿದ್ದರು. ಆ ದಿನ ಅವನು ಚರ್ಚಿಗೆಂದು ಮರ್ಯಾದೆಗೆ ಸೊಂಟಕ್ಕೆ ಸುತ್ತಿಕೊಂಡ ಚಾಪೆಯನ್ನು ಸಂಜೆಯಾದರೂ ಬಿಚ್ಚದೆ ಊರೆಲ್ಲ ಓಡಾಡಿದ್ದ.

ಅಕೊಸಿತಾ ಮದುವೆಯಾದ ವರ್ಷದೊಳಗೇ ಗಂಡನನ್ನು ಸಮುದ್ರಕ್ಕೆ ಕಳೆದುಕೊಂಡು ತವರಿಗೆ ಮರಳಿದವಳು. ತಮ್ಮನ ಮನೆಯ ಹಿಂದಿನ ಮನೆಯಲ್ಲಿ ಕೂತು ಕೇದಗೆ ಗರಿ ಸೀಳಿ ಚಾಪೆ ಹೆಣೆಯುವುದು ಅವಳ ಕೆಲಸ. ಹೆಣೆಯುವಾಗ ಚಾಪೆಯ ಅಂಚನ್ನು ಬಲಗಾಲಿನ ಹಿಮ್ಮಡಿಯಲ್ಲಿ ಒತ್ತಿ ಹಿಡಿಯುವಳು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಇಳಿತದ ಹೊತ್ತಿನಲ್ಲಿ ಚಿಪ್ಪು ಆರಿಸಲು ಹೋದಾಗ ಹವಳದ ಕಲ್ಲು ಅದೇ ಕಾಲನ್ನು ಕುಯ್ದಿತು. ಎಲೆ ಕಟ್ಟಿದಳು, ಎಣ್ಣೆ ಹಚ್ಚಿದಳು, ಯಾರಿಗೂ ಹೇಳಲಿಲ್ಲ. ವಾಸನೆ ಬಂದ ಮೇಲೆ ಸೇಲಾಗೆ ಗೊತ್ತಾಗಿ ಆಸ್ಪತ್ರೆಗೆ ಸೇರಿಸಿದರು.

ಡಾಕ್ಟರ್ ಲವೀನಿಯಾ ದೊಡ್ಡ ದ್ವೀಪದಿಂದ ಬಂದ ಹುಡುಗಿ. ಕೆಲೆಪಿ ಆಸ್ಪತ್ರೆಯೊಳಗೆ ಬರುವುದಿಲ್ಲವೆಂದು ತಿಳಿದು ತಾನೇ ಹೊರಗೆ ದೀವಿಹಲಸಿನ ಮರದ ಕೆಳಗೆ ಬಂದು ನಿಂತಳು.

"ಕಾಲು ಮೊಣಕಾಲಿಂದ ಕೆಳಗೆ ತೆಗೀಬೇಕಾಗುತ್ತೆ," ಎಂದಳು. "ತೆಗೆದ್ರೆ ಇನ್ನೊಂದಿಷ್ಟು ದಿನ ಹೆಚ್ಚಿಗೆ ಸಿಗಬಹುದು. ಆದ್ರೆ ಕಿಡ್ನಿನೂ ಕೆಟ್ಟಿದೆ, ಸುಳ್ಳು ಹೇಳಲ್ಲ. ಬೇಡ ಅಂದ್ರೆ ಮನೆಗೇ ಕರ್ಕೊಂಡು ಹೋಗ್ಬಹುದು, ನೋವಿಗೆ ನಾನು ಔಷಧಿ ಕೊಡ್ತೀನಿ, ಬಂದು ನೋಡ್ತೀನಿ. ಅವರಿಗೇನು ಬೇಕು ಅಂತ ಕೂತು ಮಾತಾಡಿ."

ಕೆಲೆಪಿಗೆ ಮೊಣಕಾಲು ಎಂಬಲ್ಲಿಂದಾಚೆಗೆ ಏನೂ ಕೇಳಿಸಿರಲಿಲ್ಲ. ಹೆಣ್ಣುಮಗಳೊಬ್ಬಳು ತನ್ನ ಮುಂದೆ ನಿಂತು ತನ್ನ ಅಕ್ಕನ ಮೊಣಕಾಲಿನ ಮಾತಾಡುತ್ತಿದ್ದಾಳೆ. ಅವನ ಕಿವಿ ಬಿಸಿಯಾಯಿತು. "ಏನೇನು ಮಾಡೋಕಾಗುತ್ತೋ ಎಲ್ಲಾ ಮಾಡಿ ಡಾಕ್ಟರೇ," ಎಂದು ನೆಲ ನೋಡಿಕೊಂಡು ಹೇಳಿದ.

"ಅದು ನಿಮ್ಮ ಮಾತು. ಅವರದ್ದು?"

ಅವರದ್ದು ಏನೆಂದು ಸೇಲಾ ಅವತ್ತೇ ತಂದಳು. ಸೇಲಾ ಸಂತೆಯಲ್ಲಿ ಕೂತು ವ್ಯಾಪಾರ ಮಾಡುವವಳು, ಮಾತನ್ನು ಕಟ್ಟಿ ಕೊಡುವ ಅಭ್ಯಾಸವಿಲ್ಲ. "ಅತ್ತಿಗೆ ಕಾಲು ಕೊಡಲ್ಲ ಅಂತಾರೆ. 'ಹುಟ್ಟುವಾಗ ಜೊತೆಗೆ ಬಂದಿದ್ದು ಹೋಗುವಾಗಲೂ ಜೊತೆಗೇ ಬರ್ಲಿ, ನನ್ನ ಮನೆಗೆ ಕಳ್ಸಿ' ಅಂತಾರೆ."

"ನೋವಲ್ಲಿ ಏನೋ ಹೇಳಿರ್ತಾಳೆ."

"ನೋವಿರೋದು ಕಾಲಲ್ಲಿ, ತಲೇಲಲ್ಲ. ನಿಂಗೆ ಅನುಮಾನ ಇದ್ರೆ ನೀನೇ ಹೋಗಿ ಕೇಳು."

ಅವನು ಕೇಳಲಿಲ್ಲ, ಗಂಡಸರೆಲ್ಲ ಸೇರಿ ಕುಡಿಯುವ ಮಂಪರಿನ ಬೇರಿನ ರಸ, ಕಾವಾ, ಕುಡಿಯಲು ಹೋದ. ಅಲ್ಲಿ ಮರದ ಬೋಗುಣಿಯ ಸುತ್ತ ಕೂತವರಲ್ಲಿ ಇಸಿಲೇಲಿ ಎಂಬವನಿದ್ದ. ಊರ ಬಾಯಿಗೆ ಮುಚ್ಚಳವಿಲ್ಲ ಅನ್ನುತ್ತಾರಲ್ಲ, ಆ ಬಾಯಿ ಅವನದೇ. ಬಟ್ಟಲು ಖಾಲಿ ಮಾಡಿ ಚಪ್ಪಾಳೆ ತಟ್ಟಿ, "ಏನಪ್ಪಾ ಕೆಲೆಪಿ, ಅಕ್ಕನಿಗೆ ಆಪರೇಷನ್ ಮಾಡ್ಸಲ್ವಂತೆ? ಗೆಣಸು ಹೊತ್ತು ಹಾಕೋದು ಸುಲಭ ಬಿಡು. ಕಾಲು ಕೊಳೀತಾ ಇರುವಾಗ ಮನೆಗೆ ಕರ್ಕೊಂಡು ಬಂದು ಮಲಗಿಸ್ತೀಯಾ?" ಎಂದ. ಉಳಿದವರು ಬಟ್ಟಲಿನೊಳಗೆ ನೋಡುತ್ತ ಕೂತರು. ಕೆಲೆಪಿಗೆ ಇಷ್ಟು ವರ್ಷ ಇಟ್ಟಿಗೆ ಇಟ್ಟಿಗೆಯಾಗಿ ಕಟ್ಟಿದ ಹೆಸರು ಒಂದು ಬಟ್ಟಲಿನಲ್ಲಿ ಕೊಚ್ಚಿಹೋಗುವಂತೆ ಕಂಡಿತು. ಅಕ್ಕ ಸಾಯುವುದಕ್ಕಿಂತ ಅಕ್ಕನನ್ನು ಸಾಯಲು ಬಿಟ್ಟ ಎನ್ನಿಸಿಕೊಳ್ಳುವುದಕ್ಕೆ ಅವನು ಹೆಚ್ಚು ಹೆದರಿದ. ಆಗ ಅದು ಅವನಿಗೆ ತಿಳಿದಿರಲಿಲ್ಲ, ಪ್ರೀತಿಯೇ ಇರಬೇಕೆಂದುಕೊಂಡಿದ್ದ.

ಮರುದಿನ ಪಾದ್ರಿಗಳನ್ನು ಅಕ್ಕನ ಬಳಿ ಕಳಿಸಿದ. ಪಾದ್ರಿಗಳು ಬೈಬಲ್ ಹಿಡಿದು ಒಳಗೆ ಹೋದರು, ಮುಖ ಸಣ್ಣದು ಮಾಡಿಕೊಂಡು ಹೊರಗೆ ಬಂದರು.

"ಅವಳು ಒಂದೇ ಮಾತು ಹೇಳಿದಳು ಕೆಲೆಪಿ. ನನ್ನ ತಮ್ಮನಿಗೆ ಅಷ್ಟು ಬೇಕಿದ್ದರೆ ಅವನೇ ಬಾಗಿಲ ತನಕ ಬಂದು ಕೇಳಲಿ. ಒಳಗೆ ಬರೋದು ಬೇಡ, ನನ್ನ ಮುಖ ನೋಡೋದು ಬೇಡ, ಬಾಗಿಲಲ್ಲಿ ನಿಂತು 'ಅಕ್ಕಾ, ಕಾಲು ಕೊಡು' ಅನ್ನಲಿ. ಕೊಡ್ತೀನಿ. ಬೇರೆ ಯಾರ ಬಾಯಲ್ಲೂ ಹೇಳಿಸೋದು ಬೇಡ."

"ಅದು ಹೇಗಾಗುತ್ತೆ ಪಾದ್ರಿಗಳೇ, ಕಟ್ಟಳೆ ಇದೆಯಲ್ಲ."

"ಕಟ್ಟಳೇನೂ ದೇವರೇ ಕೊಟ್ಟಿದ್ದು, ಕಾಲನ್ನೂ ದೇವರೇ ಕೊಟ್ಟಿದ್ದು. ಹೋಗು, ನಾನಿಲ್ಲೇ ಇರ್ತೀನಿ."

ಕೆಲೆಪಿ ಅಂಗಿಯ ಗುಂಡಿ ಹಾಕಿಕೊಂಡು ಮೆಟ್ಟಿಲು ಹತ್ತಿದ. ಹೆಂಗಸರ ವಾರ್ಡಿನ ಓಣಿಯಲ್ಲಿ ಕೂತಿದ್ದವರೆಲ್ಲ ಮಾತು ನಿಲ್ಲಿಸಿ ಅವನನ್ನೇ ನೋಡಿದರು. ಕೊನೆಯ ಕೋಣೆಯ ಬಾಗಿಲು ತೆರೆದೇ ಇತ್ತು. ಸೇಲಾ ಬಟ್ಟೆ ಒಗೆಯಲು ಹೋಗಿದ್ದಳು. ಅಕೊಸಿತಾ ಕಣ್ಣು ಮುಚ್ಚಿ ಮಲಗಿದ್ದಳು. ಸೆಕೆಗೋ ನೋವಿಗೋ ಹೊದಿಕೆ ಜಾರಿ ಬಲಗಾಲು ಪೂರಾ ಹೊರಗಿತ್ತು, ಊದಿಕೊಂಡು, ಬೆರಳುಗಳು ಕಪ್ಪಾಗಿ.

ಅವನು "ಅಕ್ಕಾ" ಎನ್ನಲು ಬಾಯಿ ತೆರೆದ. ಸ್ವರ ಬರಲಿಲ್ಲ. ಕಾಣಬಾರದ್ದನ್ನು ಕಂಡೆನೆಂದು ತಟ್ಟನೆ ಬೆನ್ನು ತಿರುಗಿಸಿದ, ತಿರುಗಿಸಿದವನು ನಿಲ್ಲಲಿಲ್ಲ, ಬಂದ ದಾರಿಯಲ್ಲೇ ಬಿರಬಿರನೆ ನಡೆದ. ಮರ್ಯಾದೆಗೆ ತಿರುಗಿದೆನೆಂದು ಆ ಕ್ಷಣ ತನಗೆ ತಾನೇ ಹೇಳಿಕೊಂಡ. ಮರ್ಯಾದೆಯಾಗಿದ್ದರೆ ಬೆನ್ನು ತಿರುಗಿಸಿಕೊಂಡೇ ಕೇಳಬಹುದಿತ್ತು. ಅವನು ಓಡಿದ್ದು ಅವಳು ಕಣ್ಣು ಬಿಟ್ಟು "ಬೇಡ ಕಣೋ" ಎಂದುಬಿಟ್ಟರೆ ಎಂಬ ಹೆದರಿಕೆಗೆ.

ಮೆಟ್ಟಿಲ ಕೆಳಗೆ ಪಾದ್ರಿಗಳೂ ಲವೀನಿಯಾಳೂ ಕಾಯುತ್ತಿದ್ದರು. ಪಾದ್ರಿಗಳ ಮುಖದಲ್ಲಿ ಎಂದೂ ಇಲ್ಲದ ಅಭಿಮಾನ. "ಕೇಳಿದೆಯಾ? ಒಪ್ಪಿದಳಾ?"

ಕೆಲೆಪಿ ಹೌದೆಂದು ತಲೆಯಾಡಿಸಿದ.

ಅಷ್ಟೇ. ಬಾಯಲ್ಲಿ ಒಂದಕ್ಷರವೂ ಸುಳ್ಳು ಹೇಳಲಿಲ್ಲ, ಕತ್ತು ಹೇಳಿತು. ಇಲ್ಲ ಎಂದು ತಿದ್ದಲು ಸಾಕಷ್ಟು ಹೊತ್ತೂ ಇತ್ತು. ಅವರು ಮೆಟ್ಟಿಲು ಹತ್ತುವಾಗ ಕೂಗಬಹುದಿತ್ತು, ಓಣಿ ದಾಟುವಾಗ ಹಿಂದೆ ಓಡಬಹುದಿತ್ತು. ಅವನು ಮರದ ಕೆಳಗೆ ಉದುರಿದ್ದ ಎಲೆಯನ್ನು ಕಾಲಲ್ಲಿ ಸರಿಸುತ್ತ ನಿಂತ. ಒಳಗೆ ನಡೆದದ್ದನ್ನು ಸೇಲಾ ಆಮೇಲೆ ಬಂದು ಹೇಳಿದಳು.

"ಡಾಕ್ಟರು ಕೇಳಿದ್ಲು, 'ನಿಮ್ಮ ತಮ್ಮ ಬಂದು ಕೇಳಿದ್ರಂತೆ, ನೀವು ಒಪ್ಪಿದ್ರಂತೆ, ನಿಜಾನಾ' ಅಂತ. ಅತ್ತಿಗೆ ಸುಮಾರು ಹೊತ್ತು ಸೂರು ನೋಡ್ತಾ ಇದ್ರು. ಪಾದ್ರಿಗಳು ಪಕ್ಕದಲ್ಲೇ ಇದ್ರು. ಆಮೇಲೆ 'ಹೌದು, ಬಂದಿದ್ದ. ಕೊಟ್ಟ ಮಾತು ಕೊಟ್ಟಾಯ್ತು, ತೆಗೀರಿ' ಅಂದ್ರು." ಸೇಲಾ ಗಂಡನ ಮುಖವನ್ನೇ ನೋಡಿದಳು. "ನಿಜವಾಗ್ಲೂ ಬಂದಿದ್ಯಾ? ನಾನು ಒಂದು ಬಕೆಟ್ ಬಟ್ಟೆ ಒಗೆದು ಬರೋದ್ರೊಳಗೆ?"

"ಅವಳೇ ಹೇಳಿದ್ಲಲ್ಲ," ಎಂದ ಕೆಲೆಪಿ. ಔಷಧಿಯ ಮಂಪರಿನಲ್ಲಿ ತಾನು ಕೇಳಿದ್ದೂ ಅವಳು ಒಪ್ಪಿದ್ದೂ ನಡೆದೇ ಇರಬಹುದೆಂದು ಅಕ್ಕ ನಂಬಿದ್ದಾಳೆ, ಪಾಪ, ಎಂದುಕೊಂಡ. ಆ ನಂಬಿಕೆಯನ್ನು ಅವನು ಒಂದು ಊರುಗೋಲಿನಂತೆ ಹಿಡಿದುಕೊಂಡ.

ತೆಗೆದ ಕಾಲನ್ನು ಆಸ್ಪತ್ರೆಯವರು ಮನೆಯವರಿಗೇ ಕೊಡುತ್ತಾರೆ. ಸೇಲಾ ಅದನ್ನು ಮರದ ತೊಗಟೆ ಬಡಿದು ಮಾಡಿದ ಬಟ್ಟೆಯಲ್ಲಿ ಸುತ್ತಿ ತಂದು ಗಂಡನ ಕೈಗಿಟ್ಟಳು. "ಕೇಳಿ ಇಸ್ಕೊಂಡಿದ್ದು ನೀನು. ಹೂಳೋದೂ ನೀನೇ."

ಹಿಂದೆ ತೆರೆದ ಗಾಡಿಯಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಸುದ್ದಿ ಅವನಿಗಿಂತ ಮುಂಚೆಯೇ ಊರು ಮುಟ್ಟಿತ್ತು. ದಾರಿಯುದ್ದಕ್ಕೂ ಜನ ಎದ್ದು ನಿಂತರು, ಗಂಡಸರು ಟೋಪಿ ತೆಗೆದರು. ಅಕ್ಕನಿಗಾಗಿ ಬಾಗಿಲ ತನಕ ಹೋದ ತಮ್ಮ ಹೋಗುತ್ತಿದ್ದಾನೆ. ಕೆಲೆಪಿಗೆ ಗಾಡಿಯ ತಳ ಬಿರಿದು ತಾನು ರಸ್ತೆಗೆ ಬಿದ್ದುಹೋದರೆ ಚೆನ್ನಾಗಿತ್ತು ಎನ್ನಿಸಿತು. ಗಂಟು ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ಚಿಕ್ಕಂದಿನಲ್ಲಿ, ಹಾಸಿಗೆ ಬೇರೆಯಾಗುವ ಮುಂಚೆ, ಇಳಿತದ ಸಮುದ್ರದಲ್ಲಿ ಅಕ್ಕ ಮುಂದೆ ಅವನು ಹಿಂದೆ ನಡೆಯುತ್ತಿದ್ದರು. ಎಲ್ಲಿ ಕಲ್ಲು ಚೂಪು, ಎಲ್ಲಿ ಮುಳ್ಳಿನ ಚಿಪ್ಪು ಎಂದು ಅವಳ ಕಾಲಿಗೆ ಗೊತ್ತಿತ್ತು. "ನಾನಿಟ್ಟ ಕಡೆನೇ ಇಡೋ" ಎನ್ನುವಳು. ಅವನು ಅವಳ ಹೆಜ್ಜೆಯಲ್ಲೇ ಹೆಜ್ಜೆ ಇಡುವನು. ಅವನ ಅಂಗಾಲಿಗೆ ಒಮ್ಮೆಯೂ ಗಾಯವಾಗಿರಲಿಲ್ಲ.

ಮನೆತನದ ಸ್ಮಶಾನದಲ್ಲಿ ಅಪ್ಪನ ಪಕ್ಕದ ಬಿಳಿ ಮರಳಿನಲ್ಲಿ ತಾನೊಬ್ಬನೇ ಗುಂಡಿ ತೋಡಿ ಹೂಳಿದ. ಗಂಟು ಬಿಚ್ಚಿ ನೋಡಲಿಲ್ಲ. ಪ್ರಾರ್ಥನೆ ಮಾಡಲು ಹೋದರೆ ಬಾಯಿಗೆ ಬರಲಿಲ್ಲ, ಮರಳನ್ನು ಕೈಯಲ್ಲಿ ಸಮ ಮಾಡಿ ಬಂದ.

ಕಾಲು ಹೋದ ಮೇಲೆ ಅಕೊಸಿತಾಗೆ ಸುಖವಾಯಿತೆಂದು ಹೇಳಿದರೆ ನಾಲಿಗೆ ಬಿದ್ದುಹೋದೀತು. ಗಾಯ ಮಾಯಲಿಲ್ಲ, ಜ್ವರ ಬಿಡಲಿಲ್ಲ, ಮೈ ಊದಿತು. ಮನೆಗೆ ಕಳಿಸುವ ಸ್ಥಿತಿಯಲ್ಲಿ ಎಂದೂ ಇರಲಿಲ್ಲ. ನೋಡಲು ಬಂದವರಿಗೆಲ್ಲ ಅವಳು ಹೇಳುತ್ತಿದ್ದ ಮಾತು ಒಂದೇ. ನನ್ನ ತಮ್ಮ ಬಾಗಿಲ ತನಕ ಬಂದಿದ್ದ, ಅವನೇ ಕೇಳಿದ, ನಾನು ಕೊಟ್ಟೆ. ಹೆಂಗಸರು ಕಣ್ಣೊರೆಸಿಕೊಂಡು ಊರಿಗೆ ಬಂದು ಹೇಳುವರು. ಕಾವಾದ ಗುಂಪಿನಲ್ಲಿ ಇಸಿಲೇಲಿ ತನ್ನ ಜಾಗ ಬಿಟ್ಟು ಕೆಲೆಪಿಯನ್ನು ಮೇಲೆ ಕೂರಿಸಿದ. ಕೆಲೆಪಿ ಮೊದಲ ಬಟ್ಟಲು ಕುಡಿದು ಎದ್ದುಬಂದ, ಮತ್ತೆ ಆ ಕಡೆ ಹೋಗಲಿಲ್ಲ. ಹೊಗಳಿಕೆ ಮೈಮೇಲೆ ಬಿದ್ದಾಗಲೆಲ್ಲ ಅವನಿಗೆ ಬೇರೆಯವನ ಬಟ್ಟೆ ಉಟ್ಟುಕೊಂಡು ಬೀದಿಯಲ್ಲಿ ನಿಂತಂತೆ ಆಗುತ್ತಿತ್ತು.

"ಅತ್ತಿಗೆಗೆ ಕಾಲು ನೋಯ್ತಿದೆಯಂತೆ," ಎಂದಳು ಸೇಲಾ ಒಂದು ಮಧ್ಯಾಹ್ನ. "ಇರೋದಲ್ಲ, ಇಲ್ಲದ್ದು. ಹೆಬ್ಬೆರಳಿಗೆ ಏನೋ ಚುಚ್ಚಿದ ಹಾಗೆ ಅಂತಾರೆ."

ನಮ್ಮಲ್ಲಿ ಇದಕ್ಕೆ ಕಾರಣ ಎಲ್ಲರಿಗೂ ಗೊತ್ತು. ಹೂತ ಎಲುಬಿಗೆ ಮರದ ಬೇರು ಚುಚ್ಚಿದರೆ ಬದುಕಿರುವವರ ಮೈ ನೋಯುತ್ತದೆ, ಅಗೆದು ಬೇರು ಕಿತ್ತು ಸರಿಯಾಗಿ ಮಲಗಿಸಬೇಕು. ಡಾಕ್ಟರು ಬೇರೆ ಏನೋ ಹೇಳುತ್ತಾರೆ, ಹೇಳಲಿ. ಕೆಲೆಪಿ ಗುದ್ದಲಿ ಹಿಡಿದು ಹೋದ. ಮೆಲ್ಲಗೆ ಕೈಯಿಂದ ಮರಳು ತೆಗೆದ. ಗಂಟು ಇಟ್ಟ ಹಾಗೆಯೇ ನೆಟ್ಟಗಿತ್ತು. ಸುತ್ತಮುತ್ತ ಬೆರಳಾಡಿಸಿ ಹುಡುಕಿದ. ಬೇರಿರಲಿಲ್ಲ, ಕಲ್ಲಿರಲಿಲ್ಲ. ಅವನು ಗುಂಡಿಯ ಅಂಚಿನಲ್ಲಿ ಕೂತುಬಿಟ್ಟ. ಕಿತ್ತೆಸೆಯಲು ಒಂದು ಬೇರಾದರೂ ಸಿಕ್ಕಿದ್ದರೆ ಎಂದು ಎಷ್ಟು ಆಸೆಪಟ್ಟನೋ ಅವನಿಗೇ ಗೊತ್ತು. ಚುಚ್ಚುತ್ತಿದ್ದವನು ತಾನೇ ಎಂದು ಆ ಖಾಲಿ ಮರಳಿನಲ್ಲಿ ಕೈಯಿಟ್ಟುಕೊಂಡು ಕೂತಾಗ ಅವನಿಗೆ ಸಂದೇಹ ಉಳಿಯಲಿಲ್ಲ. ಮರಳು ಮುಚ್ಚಿ, ಕೈ ತೊಳೆಯದೆ ಆಸ್ಪತ್ರೆಯ ದಾರಿ ಹಿಡಿದ.

ಲವೀನಿಯಾ ಅವನನ್ನೇ ಹುಡುಕುತ್ತಿದ್ದಳು. ಕಿಡ್ನಿ ಕೈಕೊಟ್ಟಿದೆ, ಆಕ್ಲೆಂಡಿಗೆ ಕಳಿಸಿದರೆ ರಕ್ತ ಶುದ್ಧ ಮಾಡುವ ಯಂತ್ರಕ್ಕೆ ಹಾಕಬಹುದು, ಆದರೆ ಅವರು ಪ್ರಯಾಣವನ್ನೇ ತಾಳಲಾರರು ಎಂದಳು. "ಈ ಸಲ ನೀವು ಹೇಳಿದ್ದನ್ನ ನಾನು ಕೇಳಲ್ಲ. ಅವರು ಹೇಳಿದ್ದನ್ನ ನೀವು ಕೇಳ್ಕೊಂಡು ಬನ್ನಿ."

ಸೇಲಾಳನ್ನು ನೀರು ತರಲು ಕಳಿಸಿ ಕೆಲೆಪಿ ಹೊಸ್ತಿಲ ಹೊರಗೆ ನೆಲದ ಮೇಲೆ ಕೂತ. ಬೆನ್ನನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ಮುಖ ಓಣಿಯ ಕಡೆ ಮಾಡಿದ.

"ಅಕ್ಕಾ."

ಒಳಗೆ ಹಾಸಿಗೆ ಕಿರುಗುಟ್ಟಿತು. "ಯಾರು, ಕೆಲೆಪಿಯಾ? ಈ ಸಲ ನಿಜವಾಗ್ಲೂ ಬಂದ್ಯೇನೋ?"

"ಅವತ್ತು ನಿಂಗೆ ಎಚ್ಚರ ಇತ್ತಾ?"

"ನೋವಿದ್ದೋರಿಗೆ ನಿದ್ದೆ ಎಲ್ಲಿಂದ ಬರುತ್ತೋ. ಕಣ್ಣು ಬಿಡೋ ಹೊತ್ತಿಗೆ ನಿನ್ನ ಬೆನ್ನು ಕಾಣ್ತು. ಅಂಗಿ ಬೆನ್ನಲ್ಲಿ ಹೊಲಿಗೆ ಬಿಟ್ಟಿತ್ತು. ಸೇಲಾಗೆ ಹೇಳೋಣ ಅಂದ್ಕೊಂಡೆ, ಹೇಳಿದ್ರೆ ಅವಳಿಗೆ ಎಲ್ಲಾ ಗೊತ್ತಾಗಿಬಿಡುತ್ತೆ ಅಂತ ಸುಮ್ನಾದೆ."

"ಮತ್ತೆ ಯಾಕಕ್ಕಾ ಹೌದು ಅಂದೆ?"

"ಪಾದ್ರಿಗಳು ನಿಂತಿದ್ರು. ಆ ಡಾಕ್ಟರ್ ಹುಡುಗಿ ನಿಂತಿದ್ಲು. ಅಪ್ಪನ ಮಗ ಸುಳ್ಳುಗಾರ ಅಂತ ಅವರ ಮುಂದೆ ಹೇಳ್ಲಾ? ಒಂದು ಕಾಲು ತಾನೆ ಅಂದ್ಕೊಂಡೆ."

ಕೆಲೆಪಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಬೆರಳಲ್ಲಿ ಸ್ಮಶಾನದ ಮರಳಿತ್ತು, ಅದು ಕಣ್ಣಿಗೆ ಹೋಯಿತು. ಓಣಿಯಲ್ಲಿ ಜನ ನೋಡುತ್ತಿದ್ದರು, ನೋಡಲಿ ಎಂದು ಅತ್ತ. "ತಪ್ಪಾಯ್ತಕ್ಕಾ."

"ಹೂಂ, ತಪ್ಪೇ," ಎಂದಳು ಅಕೊಸಿತಾ. "ಏನಿಲ್ಲ ಬಿಡು ಅಂತ ನಾನು ಹೇಳಲ್ಲ. ತುಂಬಾ ನೋವಾಯ್ತು ಕಣೋ. ಕತ್ತರಿಸಿದ್ದಕ್ಕಲ್ಲ. ಬಾಗಿಲ ತನಕ ಬಂದು ತಿರುಗಿದ್ಯಲ್ಲ, ಅದಕ್ಕೆ. ಬರದೇ ಇದ್ದಿದ್ರೆ ಕಟ್ಟಳೆ ಅಂದ್ಕೊಂಡು ಸುಮ್ನಿರ್ತಿದ್ದೆ." ಸ್ವಲ್ಪ ಹೊತ್ತು ಉಸಿರೆಳೆದುಕೊಂಡಳು. "ಈಗ ಕೇಳೋಕೆ ಬಂದಿದ್ದು ಕೇಳು."

"ನಿಂಗೇನು ಬೇಕು?"

"ಮನೆ. ಕೇದಗೆ ಗರಿ ಒಣಗೋ ವಾಸನೆ. ಆ ಯಂತ್ರ ಗಿಂತ್ರ ಬೇಡ."

"ಆಗ್ಲಿ."

"ಊರವರು ಏನಾದ್ರೂ ಅಂದ್ರೆ?"

"ಅನ್ಲಿ."

"ಅನ್ಲಿ ಅಂತ ನೀನಾ ಹೇಳ್ತಿರೋದು?" ಅವಳು ನಕ್ಕಳು, ನಗು ಕೆಮ್ಮಾಯಿತು. "ನೋಡು, ಇಷ್ಟೇ ಕೆಲಸ ಇದ್ದಿದ್ದು. ಅವತ್ತೂ ಇಷ್ಟೇ ಇತ್ತು." ಆಮೇಲೆ ಮೆಲ್ಲಗೆ, "ಇನ್ನೊಂದು ಮಾತು. ನೀನು ಬಂದಿದ್ದೆ ಅಂತ ನಾನು ಎಲ್ಲರ ಹತ್ರಾನೂ ಹೇಳ್ಬಿಟ್ಟಿದೀನಿ. ಅದನ್ನ ಸುಳ್ಳು ಮಾಡ್ಬೇಡ. ಸಾಯೋ ಹೊತ್ತಲ್ಲಿ ಅಕೊಸಿತಾ ಸುಳ್ಳು ಹೇಳಿದ್ಲು ಅಂತ ನನ್ನ ಯಾರೂ ಆಡ್ಕೊಳ್ಳೋದು ಬೇಡ."

ಊರಿಗೆ ಎಲ್ಲ ಹೇಳಿ ಹಗುರಾಗೋಣ ಎಂದುಕೊಂಡು ಬಂದವನ ಬಾಯನ್ನು ಅವಳು ಅಲ್ಲಿಗೇ ಹೊಲಿದುಬಿಟ್ಟಳು.

ಅಕೊಸಿತಾ ಮನೆಗೆ ಬಂದು ಭಾನುವಾರವೊಂದನ್ನು ಕಂಡಳು. ಚರ್ಚಿನ ಹಾಡು ಕಿಟಕಿಯಿಂದ ಕೇಳಲೆಂದು ಕೆಲೆಪಿ ಹಾಡುವವರನ್ನು ಅವಳ ಅಂಗಳಕ್ಕೇ ಕರೆತಂದು ನಿಲ್ಲಿಸಿದ್ದ, ಈ ಸಲ ಓರೆಯಾಗಿ ಅಲ್ಲ. ಔಷಧಿ ನೋವನ್ನು ಹಿಡಿದಿತ್ತು. ಸೇಲಾಳ ತೊಡೆಯ ಮೇಲೆ ತಲೆಯಿಟ್ಟು, ಅರ್ಧ ಹೆಣೆದ ಚಾಪೆಯ ಅಂಚು ಹಿಡಿದುಕೊಂಡೇ ಉಸಿರು ಬಿಟ್ಟಳು.

ಅಕ್ಕನ ಸಾವಿನಲ್ಲಿ ತಮ್ಮನ ಜಾಗ ಹಿತ್ತಲಿನ ಅಡುಗೆ ಒಲೆ, ಗುಂಡಿಯಲ್ಲಿ ಕಾದ ಕಲ್ಲಿಟ್ಟು ಮೇಲೆ ಮಣ್ಣು ಮುಚ್ಚಿ ಬೇಯಿಸುವ ಒಲೆ. ಅಂತಸ್ತಿನಲ್ಲಿ ಅಕ್ಕ ಮೇಲು, ತಮ್ಮ ಕೆಳಗೆ. ಮೇಲಿನವರು ಹೆಣದ ಪಕ್ಕ ಕೂರುತ್ತಾರೆ, ತಮ್ಮ ದುಃಖದ ಗುರುತಾಗಿ ಎದೆಯ ತನಕ ಹರಕು ಚಾಪೆ ಉಟ್ಟುಕೊಂಡು ಬೂದಿಯಲ್ಲಿ ನಿಂತು ಬಂದವರಿಗೆ ಬೇಯಿಸಿ ಹಾಕುತ್ತಾನೆ. ಕೆಲೆಪಿ ಸಿಕ್ಕಿದ್ದರಲ್ಲಿ ಅತಿ ಹರಕು ಚಾಪೆಯನ್ನೇ ಆರಿಸಿ ಉಟ್ಟಿದ್ದ. ಒಳಗೆ ಪಾದ್ರಿಗಳು ಮಾತಾಡುತ್ತಿರುವುದು ಗೋಡೆಯಾಚೆಗೂ ಕೇಳುತ್ತಿತ್ತು. ಬಾಗಿಲ ತನಕ ಹೋದ ತಮ್ಮನ ಕಥೆಯನ್ನು ಅವರು ಸೊಗಸಾಗಿಯೇ ಹೇಳಿದರು, ಹೆಂಗಸರು ಅತ್ತರು. ಅವನು ಹೊಗೆಗೆ ಇನ್ನೂ ಹತ್ತಿರ ಸರಿದ.

ಇಸಿಲೇಲಿ ಹಿತ್ತಲಿಗೆ ಬಂದ. ಕಣ್ಣು ತೇವವಾಗಿತ್ತು, ಅವನ ಬಾಯಿಗೂ ಇವತ್ತು ಮರ್ಯಾದೆ ಬಂದಿತ್ತು. "ನಾನು ಅವತ್ತು ಕೆಟ್ಟ ಮಾತಾಡಿದ್ದೆ ಕೆಲೆಪಿ, ಮನಸ್ಸಲ್ಲಿ ಇಟ್ಕೋಬೇಡ. ನನ್ನ ಮಗನಿಗೂ ನಿನ್ನ ಕಥೆನೇ ಹೇಳ್ತೀನಿ. ಕಾಲು ತೆಗೆಯೋ ಮುಂಚೆ ನೀನೇ ಬಾಗಿಲಲ್ಲಿ ನಿಂತು ಕೇಳಿದ್ಯಂತೆ. ಅವಳೇ ನನ್ನ ಹೆಂಡತಿ ಹತ್ರ ಹೇಳಿದ್ಲು. ಹೌದಾ?"

ಇಲ್ಲ ಎಂಬ ಮಾತು ಕೆಲೆಪಿಯ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಉಗುಳಿದರೆ ಒಳಗೆ ಮಲಗಿದವಳ ಮಾತು ಸುಳ್ಳಾಗುತ್ತಿತ್ತು.

ಅವನು ಹೌದೆಂದು ತಲೆಯಾಡಿಸಿದ. ಆಮೇಲೆ ಬಗ್ಗಿ, ಒಲೆಯ ಮೇಲಿನ ಬಿಸಿ ಮಣ್ಣನ್ನು ಸರಿಸತೊಡಗಿದ.